ಅಧಿಕಾರ ಯಾರದೆಂದು ಹೇಳುವವರು ಯಾರು?

(ಕಾಸರಗೋಡಿನಲ್ಲಿ ವಕೀಲರು, ಅಧ್ಯಾಪಕರು ಮತ್ತು ಕಾನೂನು ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರ ಎರಡು ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನೂ ಸೇರಿಸಿದೆ.)

2020ರ ಮಾರ್ಚ್ ಕೊನೆಯ ವಾರದಲ್ಲಿ ಕೇರಳ-ಕರ್ನಾಟಕ ಗಡಿಯ ತಲಪಾಡಿಯಲ್ಲಿ ನಡೆದದ್ದನ್ನು ಈ ಸಭೆಗೆ ವಿವರಿಸಿ ಹೇಳಬೇಕಾಗಿಲ್ಲ. ಸಾಂಕ್ರಾಮಿಕದ ಭಯದಲ್ಲಿ ಕರ್ನಾಟಕ ಸರಕಾರ ಗಡಿಯನ್ನು ಮುಚ್ಚಿತು. ಒಳದಾರಿಗಳಿಗೆ ಮಣ್ಣು ಸುರಿಯಿತು, ರಾಷ್ಟ್ರೀಯ ಹೆದ್ದಾರಿಯಲ್ಲಿ ಬಂದ ಆಂಬುಲೆನ್ಸುಗಳನ್ನೂ ಹಿಂದಕ್ಕೆ ಕಳುಹಿಸಿತು. ಡಯಾಲಿಸಿಸ್‌ಗೂ ಹೆರಿಗೆಗೂ ಹೃದಯದ ಕಾಯಿಲೆಗೂ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಮಂಜೇಶ್ವರ, ಉಪ್ಪಳ, ಕುಂಬಳೆಯ ಜನ ದಾರಿಯಲ್ಲೇ ಉಳಿದರು. ಚಿಕಿತ್ಸೆ ಸಿಗದೆ ರೋಗಿಗಳು ತೀರಿಕೊಂಡ ವರದಿಗಳು ಒಂದರ ಹಿಂದೆ ಒಂದರಂತೆ ಬಂದವು. ನಾನು ಆ ಘಟನೆಯನ್ನು ಇಲ್ಲಿ ಎತ್ತುತ್ತಿರುವುದು ದುಃಖವನ್ನು ಮತ್ತೆ ಕೆದಕುವುದಕ್ಕಲ್ಲ. ಆಗ ಎದ್ದದ್ದು ಒಂದು ಶುದ್ಧ ಸಂವಿಧಾನದ ಪ್ರಶ್ನೆ ಎಂಬುದನ್ನು ನಾವು ಸರಿಯಾಗಿ ಗಮನಿಸಲಿಲ್ಲ ಎಂದು ನನಗೆ ಅನಿಸುತ್ತದೆ. ಒಂದು ರಾಜ್ಯ ತನ್ನ ಗಡಿಯ ದಾರಿಯನ್ನು ಇನ್ನೊಂದು ರಾಜ್ಯದ ಪ್ರಜೆಗಳಿಗೆ ಮುಚ್ಚಬಹುದೇ? ಹೆದ್ದಾರಿ ಕೇಂದ್ರದ್ದಾದರೆ ಅದನ್ನು ಮುಚ್ಚುವ ಅಧಿಕಾರ ಯಾರದು? ಮುಚ್ಚಿದ್ದು ತಪ್ಪೆಂದು ಹೇಳುವ ಅಧಿಕಾರ ಯಾವ ನ್ಯಾಯಾಲಯದ್ದು?

ಸಂವಿಧಾನದ 131ನೇ ವಿಧಿ ಇಂಥ ಸಂದರ್ಭಕ್ಕೆಂದೇ ಇದೆ. ಕೇಂದ್ರ ಮತ್ತು ರಾಜ್ಯಗಳ ನಡುವೆ, ಇಲ್ಲವೇ ರಾಜ್ಯ ರಾಜ್ಯಗಳ ನಡುವೆ, ಕಾನೂನಿನ ಹಕ್ಕೊಂದು ಇದೆಯೇ ಇಲ್ಲವೇ, ಇದ್ದರೆ ಎಷ್ಟರ ಮಟ್ಟಿಗೆ ಎಂಬ ವಿವಾದ ಬಂದರೆ ಅದನ್ನು ನೇರವಾಗಿ ಸುಪ್ರೀಂ ಕೋರ್ಟಿನಲ್ಲೇ ಹೂಡಬೇಕು. ಆದರೆ ಕೇರಳ ಅಂದು ಆ ಬಾಗಿಲು ತಟ್ಟಲಿಲ್ಲ. ವಿಷಯ ಕೇರಳ ಹೈಕೋರ್ಟಿಗೆ ಹೋದದ್ದು ವಕೀಲರ ಸಂಘದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಾಗಿ. ಹೈಕೋರ್ಟು ಏಪ್ರಿಲ್ 1ರಂದು ಜೀವಿಸುವ ಹಕ್ಕನ್ನೂ ಸಂಚರಿಸುವ ಹಕ್ಕನ್ನೂ ಎತ್ತಿಹಿಡಿಯಿತು. ಆದರೆ ಪಕ್ಕದ ರಾಜ್ಯಕ್ಕೆ ನೇರ ಆದೇಶ ಕೊಡುವ ಗೋಜಿಗೆ ಹೋಗದೆ, ಹೆದ್ದಾರಿಯ ತಡೆಗಳನ್ನು ತೆಗೆಸಬೇಕೆಂದು ಕೇಂದ್ರ ಸರಕಾರಕ್ಕೆ ಹೇಳಿತು. ಕರ್ನಾಟಕ ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಹೋಯಿತು. ಅಲ್ಲಿ ಏಪ್ರಿಲ್ 3ರಂದು ಹೊರಬಿದ್ದದ್ದು ತೀರ್ಪಲ್ಲ, ಒಂದು ಸೂಚನೆ: ಕೇಂದ್ರದ ಆರೋಗ್ಯ ಕಾರ್ಯದರ್ಶಿ ಎರಡೂ ರಾಜ್ಯಗಳ ಮುಖ್ಯ ಕಾರ್ಯದರ್ಶಿಗಳೊಡನೆ ಕುಳಿತು ರೋಗಿಗಳನ್ನು ಬಿಡುವ ಕ್ರಮವನ್ನು ಗೊತ್ತುಮಾಡಲಿ ಎಂದು. ಏಪ್ರಿಲ್ 7ರಂದು ಒಪ್ಪಂದವಾಗಿದೆ ಎಂದು ಕೇಂದ್ರ ತಿಳಿಸಿತು, ಅರ್ಜಿಗಳು ಇತ್ಯರ್ಥವಾದವು. ದಾರಿ ರೋಗಿಗಳ ಮಟ್ಟಿಗೆ ತೆರೆಯಿತು. ಅಧಿಕಾರ ಯಾರದೆಂಬ ಪ್ರಶ್ನೆಗೆ ಮಾತ್ರ ಉತ್ತರ ಸಿಗಲಿಲ್ಲ. 2020ರಲ್ಲಿ ಎಲ್ಲಿತ್ತೋ ಇಂದೂ ಅಲ್ಲೇ ಇದೆ.

ಇದನ್ನು ನ್ಯಾಯಾಲಯದ ಜಾಣತನ ಎನ್ನಬೇಕೇ, ಜಾರಿಕೊಳ್ಳುವಿಕೆ ಎನ್ನಬೇಕೇ? ಈ ಉಪನ್ಯಾಸದ ವಿಷಯವೇ ಅದು.

ಇಬ್ಬರು ಖಾಸಗಿ ವ್ಯಕ್ತಿಗಳ ನಡುವಿನ ವ್ಯಾಜ್ಯದಲ್ಲಿ ಸೋತವನು ತೀರ್ಪಿಗೆ ತಲೆಬಾಗದಿದ್ದರೆ ಅಮೀನ ಬರುತ್ತಾನೆ, ಜಪ್ತಿಯಾಗುತ್ತದೆ, ಬೇಕಾದರೆ ಪೋಲೀಸರು ಬರುತ್ತಾರೆ. ರಾಜ್ಯಾಂಗದ ಸಂಸ್ಥೆಗಳು ಪರಸ್ಪರ ಅಧಿಕಾರದ ಬಗ್ಗೆ ಜಗಳವಾಡುವಾಗ ಈ ಅನುಕೂಲ ಇಲ್ಲ. ತೀರ್ಪನ್ನು ಜಾರಿ ಮಾಡಬೇಕಾದ ಪೋಲೀಸರೂ ಖಜಾನೆಯೂ ಅನೇಕ ವೇಳೆ ಸೋತವನ ಕೈಯಲ್ಲೇ ಇರುತ್ತವೆ. ಅದಲ್ಲದೆ ಎರಡೂ ಕಡೆಯವರು ತಮ್ಮ ಅಧಿಕಾರವನ್ನು ಒಂದೇ ಸಂವಿಧಾನದಿಂದ ಪಡೆದವರು; ತೀರ್ಪು ಹೇಳುವ ನ್ಯಾಯಾಲಯವೂ ಅಲ್ಲಿಂದಲೇ ಪಡೆದದ್ದು, ಕೆಲವೊಮ್ಮೆ ಆ ಜಗಳದಲ್ಲಿ ಅದೂ ಒಬ್ಬ ಕಕ್ಷಿ. ಆದ್ದರಿಂದ ಇಂಥ ವ್ಯಾಜ್ಯಗಳಲ್ಲಿ ಯಾರು ನ್ಯಾಯಾಲಯಕ್ಕೆ ಬರಬಹುದು, ಎಷ್ಟು ದಿನದೊಳಗೆ ಬರಬೇಕು, ಗೆದ್ದವನಿಗೆ ನ್ಯಾಯಾಲಯ ಏನನ್ನು ಕೊಡಬಹುದು ಎಂಬ ಮೂರು ಸಣ್ಣ ಪ್ರಶ್ನೆಗಳೇ ದೊಡ್ಡ ತತ್ತ್ವಗಳಿಗಿಂತ ಹೆಚ್ಚು ಮುಖ್ಯವೆಂಬುದು ನನ್ನ ಅಭಿಪ್ರಾಯ. ಗೆರೆ ಎಲ್ಲಿದೆಯೆಂದು ಹೇಳಿ, ನಿರ್ಧಾರವನ್ನು ಅದು ಸೇರಬೇಕಾದವರ ಕೈಗೇ ಮರಳಿಸಿದ ನ್ಯಾಯಾಲಯಗಳ ಮಾತು ನಡೆದಿದೆ. ಗೆರೆಯನ್ನೇ ಹೇಳದೆ ಬಿಟ್ಟವೂ, ಗೆರೆಯನ್ನು ಹೇಳಿ ನಿರ್ಧಾರವನ್ನೂ ತಾವೇ ತೆಗೆದುಕೊಂಡವೂ ಪೇಚಿಗೆ ಸಿಕ್ಕಿವೆ.

ಗೆರೆಯನ್ನು ಹೇಳದೆ ಬಿಟ್ಟದ್ದಕ್ಕೆ ತೆತ್ತ ಬೆಲೆಗೆ ಜರ್ಮನಿಯ 1932ರ ಪ್ರಕರಣ ದೊಡ್ಡ ಸಾಕ್ಷಿ. ಆ ವರ್ಷದ ಜುಲೈ 20ರಂದು ಚಾನ್ಸಲರ್ ಫಾನ್ ಪಾಪೆನ್, ಅಧ್ಯಕ್ಷ ಹಿಂಡೆನ್‌ಬರ್ಗ್ ಅವರ ತುರ್ತು ಆದೇಶದ ಬಲದಿಂದ ದೇಶದ ಅತಿ ದೊಡ್ಡ ರಾಜ್ಯವಾದ ಪ್ರಷ್ಯಾದ ಸರಕಾರವನ್ನು ಬದಿಗೆ ಸರಿಸಿದರು. ಪ್ರಷ್ಯಾ ಲೈಪ್ಸಿಗ್‌ನಲ್ಲಿದ್ದ ರಾಜ್ಯಾಂಗ ನ್ಯಾಯಾಲಯಕ್ಕೆ ಹೋಯಿತು. ಅಕ್ಟೋಬರ್ 25ರಂದು ಬಂದ ತೀರ್ಪು ಎರಡೂ ಕಡೆಯನ್ನು ಸಮಾಧಾನಪಡಿಸಲು ಹೊರಟಿತ್ತು. ಕೇಂದ್ರವು ತಾತ್ಕಾಲಿಕವಾಗಿ ತನ್ನ ಆಯುಕ್ತರ ಮೂಲಕ ರಾಜ್ಯದ ಆಡಳಿತ ನಡೆಸಬಹುದು, ಆದರೆ ರಾಜ್ಯದ ಮಂತ್ರಿಗಳ ಸ್ಥಾನವನ್ನೂ ಮೇಲ್ಮನೆಯಲ್ಲಿ ರಾಜ್ಯವನ್ನು ಪ್ರತಿನಿಧಿಸುವ ಅವರ ಹಕ್ಕನ್ನೂ ಕಿತ್ತುಕೊಳ್ಳುವಂತಿಲ್ಲ ಎಂದಿತು. ಫಲವಾಗಿ ಮಂತ್ರಿಗಳಿಗೆ ಹುದ್ದೆ ಉಳಿಯಿತು, ಪೋಲೀಸರೂ ಕಚೇರಿಗಳೂ ಆಯುಕ್ತರ ಕೈಯಲ್ಲಿ ಉಳಿದವು. ಮೂರು ತಿಂಗಳ ಬಳಿಕ, 1933ರ ಜನವರಿ 30ರಂದು, ಹಿಟ್ಲರ್ ಚಾನ್ಸಲರ್ ಆದಾಗ ಪ್ರಷ್ಯಾದ ಪೋಲೀಸ್ ಪಡೆ ಆಗಲೇ ಕೇಂದ್ರದ ವಶದಲ್ಲಿತ್ತು. ತೀರ್ಪು ಬೇರೆಯಾಗಿದ್ದರೆ ಚರಿತ್ರೆಯೇ ಬೇರೆಯಾಗುತ್ತಿತ್ತು ಎಂದು ನಾನು ಹೇಳುವುದಿಲ್ಲ. ಅಷ್ಟು ಭಾರವನ್ನು ಯಾವ ನ್ಯಾಯಾಲಯದ ಮೇಲೂ ಹೊರಿಸಬಾರದು. ಆದರೆ ಯುದ್ಧಾನಂತರದ ಜರ್ಮನರು ಹೊಸ ಸಂವಿಧಾನ ಬರೆಯುವಾಗ ಈ ಪ್ರಕರಣವನ್ನು ಮರೆತಿರಲಿಲ್ಲ.

1951ರಲ್ಲಿ ಕಾರ್ಲ್ಸ್‌ರೂವೆ ನಗರದಲ್ಲಿ ಕೆಲಸ ಆರಂಭಿಸಿದ ಅವರ ಸಂವಿಧಾನ ನ್ಯಾಯಾಲಯಕ್ಕೆ ರಾಜ್ಯಾಂಗದ ಅಂಗಗಳ ನಡುವಿನ ವ್ಯಾಜ್ಯವೆಂಬ ಒಂದು ಪ್ರತ್ಯೇಕ ಬಾಗಿಲನ್ನೇ ಇಡಲಾಯಿತು. ಸಂಸತ್ತಿನ ಎರಡೂ ಸದನಗಳು, ಸರಕಾರ, ಅಧ್ಯಕ್ಷರು ಮಾತ್ರವಲ್ಲ, ಸಂಸತ್ತಿನೊಳಗಿನ ಪಕ್ಷಗಳ ಗುಂಪುಗಳು ಮತ್ತು ಒಬ್ಬೊಬ್ಬ ಸದಸ್ಯರೂ ತಮ್ಮ ಸಂವಿಧಾನದತ್ತ ಹಕ್ಕಿಗೆ ಚ್ಯುತಿ ಬಂದಿದೆಯೆಂದು ಇಲ್ಲಿಗೆ ಬರಬಹುದು. ಬರುವುದಾದರೆ, ಆಕ್ಷೇಪಿಸುವ ಕ್ರಮ ತಿಳಿದುಬಂದ ಆರು ತಿಂಗಳೊಳಗೆ ಬರಬೇಕು. ಗೆದ್ದವನಿಗೆ ಸಿಗುವುದೇನು? ಆ ನ್ಯಾಯಾಲಯದ ಕಾಯಿದೆಯ 67ನೇ ಕಲಮಿನ ಪ್ರಕಾರ ಒಂದೇ ಒಂದು ಘೋಷಣೆ: ಎದುರುಪಕ್ಷದ ಈ ಕ್ರಮ ಸಂವಿಧಾನದ ಈ ವಿಧಿಯನ್ನು ಉಲ್ಲಂಘಿಸಿದೆ, ಅಥವಾ ಉಲ್ಲಂಘಿಸಿಲ್ಲ. ಆ ಕ್ರಮವನ್ನು ನ್ಯಾಯಾಲಯ ರದ್ದುಪಡಿಸುವುದಿಲ್ಲ, ಬದಲಿಗೆ ಏನು ಮಾಡಬೇಕೆಂದೂ ಹೇಳುವುದಿಲ್ಲ. ತೋಟದ ಅಗಳಿನ ಜಗಳಕ್ಕೆ ಬಂದ ಸರ್ವೆಯವನು ಗಡಿಕಲ್ಲು ನೆಟ್ಟು ಹೋಗುತ್ತಾನೆಯೇ ಹೊರತು ಅಡಿಕೆ ಕೊಯ್ಯಲು ನಿಲ್ಲುವುದಿಲ್ಲವಷ್ಟೆ; ಇಲ್ಲಿಯೂ ಹಾಗೆಯೇ.

ಕೇವಲ ಘೋಷಣೆಯಿಂದ ಏನಾದೀತು ಎಂದು ನಮ್ಮ ವಕೀಲ ಮಿತ್ರರು ಕೇಳಬಹುದು. 1990ರ ದಶಕದ ಆರಂಭದಲ್ಲಿ ಜರ್ಮನ್ ಸೈನಿಕರನ್ನು ಬಾಲ್ಕನ್ ಆಕಾಶದ ವಿಮಾನ ಕಾವಲಿಗೂ ಸೊಮಾಲಿಯಾಕ್ಕೂ ಕಳುಹಿಸಿದ ಸರಕಾರದ ನಿರ್ಧಾರ ಈ ಬಾಗಿಲಿನ ಮೂಲಕ ಪ್ರಶ್ನೆಗೊಳಗಾಯಿತು. ಪ್ರಶ್ನಿಸಿದವರಲ್ಲಿ ಪ್ರತಿಪಕ್ಷದ ಜೊತೆಗೆ ಸರಕಾರದ ಪಾಲುದಾರ ಪಕ್ಷವಾಗಿದ್ದ ಎಫ್‌ಡಿಪಿಯ ಸಂಸದೀಯ ಗುಂಪೂ ಇತ್ತು. ಮಂತ್ರಿಮಂಡಲದಲ್ಲಿ ಕುಳಿತೇ ಮಂತ್ರಿಮಂಡಲದ ನಿರ್ಧಾರದ ಮೇಲೆ ದಾವೆ ಹೂಡುವುದು ನಮ್ಮಲ್ಲಿ ಊಹಿಸಲಾಗದ ಸಂಗತಿ. 1994ರ ಜುಲೈ 12ರ ತೀರ್ಪು ಸೈನಿಕರನ್ನು ವಾಪಸು ಕರೆಸಲಿಲ್ಲ. ಸಶಸ್ತ್ರ ಪಡೆಗಳನ್ನು ಹೊರದೇಶಕ್ಕೆ ಕಳುಹಿಸಲು ತಾತ್ತ್ವಿಕವಾಗಿ ಸಂಸತ್ತಿನ ಪೂರ್ವಾನುಮತಿ ಬೇಕು ಎಂದಷ್ಟೇ ಹೇಳಿತು. ಕಳುಹಿಸಬೇಕೇ ಬೇಡವೇ ಎಂಬುದನ್ನು ಸಂಸತ್ತಿಗೇ ಬಿಟ್ಟಿತು. ಅಲ್ಲಿಂದೀಚೆಗೆ ಪ್ರತಿ ನಿಯೋಜನೆಗೂ ಸಂಸತ್ತಿನಲ್ಲಿ ಮತದಾನ ನಡೆಯುತ್ತದೆ. 2005ರಲ್ಲಿ ಅದಕ್ಕೊಂದು ಕಾಯಿದೆಯೂ ಬಂತು.

ಕೇಂದ್ರ ಮತ್ತು ರಾಜ್ಯಗಳ ನಡುವಿನ ವ್ಯಾಜ್ಯದಲ್ಲೂ ಆ ನ್ಯಾಯಾಲಯ ಮೊದಲ ದಶಕದಲ್ಲೇ ಕಠಿಣ ಪರೀಕ್ಷೆಗೆ ಒಳಗಾಗಿತ್ತು. ಚಾನ್ಸಲರ್ ಅಡೆನಾವರ್ 1960ರಲ್ಲಿ ಕೇಂದ್ರದ ಹಿಡಿತದ ಟೆಲಿವಿಷನ್ ಕಂಪೆನಿಯೊಂದನ್ನು ಹುಟ್ಟುಹಾಕಿದರು. ಪ್ರಸಾರ ರಾಜ್ಯಗಳ ಅಧಿಕಾರವೆಂದು ರಾಜ್ಯಗಳು ದಾವೆ ಹೂಡಿದವು, 1961ರ ಫೆಬ್ರವರಿ 28ರಂದು ಗೆದ್ದವು. ತೀರ್ಪು ತಪ್ಪೆಂಬುದರಲ್ಲಿ ಮಂತ್ರಿಮಂಡಲಕ್ಕೆ ಒಮ್ಮತವಿದೆ ಎಂದು ಅಡೆನಾವರ್ ಸಂಸತ್ತಿನಲ್ಲಿ ಹೇಳಿದರು. ಹೇಳಿ, ತೀರ್ಪನ್ನು ಪಾಲಿಸಿದರು. ರಾಜ್ಯಗಳು ತಮ್ಮೊಳಗೆ ಒಪ್ಪಂದ ಮಾಡಿಕೊಂಡು ಕಟ್ಟಿದ ಎರಡನೇ ವಾಹಿನಿ 1963ರಲ್ಲಿ ಪ್ರಸಾರ ಆರಂಭಿಸಿತು. ತೀರ್ಪನ್ನು ಬೈಯುವುದೂ ಪಾಲಿಸುವುದೂ ಒಟ್ಟಿಗೇ ಸಾಧ್ಯ ಎಂಬುದನ್ನು ನಮ್ಮ ರಾಜಕಾರಣಿಗಳು ಇಲ್ಲಿಂದ ಕಲಿಯಬಹುದು.

ಇಟಲಿಯ ಸಂವಿಧಾನ ನ್ಯಾಯಾಲಯದಲ್ಲಿಯೂ ಇಂಥ ಬಾಗಿಲಿದೆ. ಪಲೆರ್ಮೊದ ಸರಕಾರಿ ಅಭಿಯೋಜಕರು ಮಾಜಿ ಮಂತ್ರಿಯೊಬ್ಬರ ದೂರವಾಣಿಯನ್ನು ಕದ್ದಾಲಿಸುತ್ತಿದ್ದಾಗ ಅಧ್ಯಕ್ಷ ನಪೊಲಿಟಾನೊ ಅವರ ಮಾತೂ ಧ್ವನಿಮುದ್ರಣಕ್ಕೆ ಸಿಕ್ಕಿತು. ದೇಶದ ಅಧ್ಯಕ್ಷರೇ ಅಭಿಯೋಜಕರ ವಿರುದ್ಧ ನ್ಯಾಯಾಲಯಕ್ಕೆ ಬಂದರು. 2013ರ ಒಂದನೇ ಸಂಖ್ಯೆಯ ತೀರ್ಪು ಅವರ ಪರವಾಗಿ ಬಂತು, ಧ್ವನಿಮುದ್ರಣ ನಾಶವಾಯಿತು. ದಕ್ಷಿಣ ಆಫ್ರಿಕದ ಸಂವಿಧಾನ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅದರ 41ನೇ ವಿಧಿಯಂತೆ ಸರಕಾರದ ಅಂಗಗಳು ನ್ಯಾಯಾಲಯದ ಮೆಟ್ಟಿಲು ಹತ್ತುವ ಮೊದಲು ಮಾತುಕತೆಯಿಂದ ಬಗೆಹರಿಸಲು ಸಾಧ್ಯವಾದ ಎಲ್ಲ ಪ್ರಯತ್ನವನ್ನೂ ಮಾಡಿರಬೇಕು. ಮಾಡಿಲ್ಲವೆಂದು ಕಂಡರೆ ನ್ಯಾಯಾಲಯ ವ್ಯಾಜ್ಯವನ್ನು ಹಿಂದಕ್ಕೆ ಕಳುಹಿಸಬಹುದು. 2020ರ ಏಪ್ರಿಲ್‌ನಲ್ಲಿ ನಮ್ಮ ಸುಪ್ರೀಂ ಕೋರ್ಟು ಮಾಡಿದ್ದು ಇದನ್ನೇ. ವ್ಯತ್ಯಾಸವೆಂದರೆ ಅಲ್ಲಿ ಅದು ಬರೆದಿಟ್ಟ ನಿಯಮ, ಇಲ್ಲಿ ಪೀಠದ ಆ ದಿನದ ವಿವೇಕ. ಅದೇ ದಕ್ಷಿಣ ಆಫ್ರಿಕದಲ್ಲಿ, ಅಧ್ಯಕ್ಷ ಜೂಮಾ ತಮ್ಮ ಎನ್‌ಕಾಂಡ್ಲಾ ಮನೆಗೆ ಸುರಿದ ಸಾರ್ವಜನಿಕ ಹಣದ ಪ್ರಕರಣದಲ್ಲಿ, 2016ರ ಮಾರ್ಚ್ 31ರಂದು ನ್ಯಾಯಾಲಯ ಅಧ್ಯಕ್ಷರೂ ಸಂಸತ್ತೂ ಸಂವಿಧಾನ ಮೀರಿದ್ದಾರೆಂದು ಹೇಳಿತು. ಎಷ್ಟು ಹಣ ಮರಳಿಸಬೇಕೆಂಬ ಲೆಕ್ಕವನ್ನು ಮಾತ್ರ ತಾನು ಹಾಕದೆ ಖಜಾನೆ ಇಲಾಖೆಗೆ ಬಿಟ್ಟು ಅರುವತ್ತು ದಿನ ಕೊಟ್ಟಿತು. ಇಲಾಖೆ 78 ಲಕ್ಷ ರ‍್ಯಾಂಡ್ ಎಂದಿತು, ಜೂಮಾ ಕಟ್ಟಿದರು.

ಈಗ ನಮ್ಮ ದೇಶಕ್ಕೆ ಬರೋಣ. ಕೇಂದ್ರ ಮತ್ತು ರಾಜ್ಯಗಳ ಜಗಳಕ್ಕೆ 131ನೇ ವಿಧಿ ಇದೆ. ಆದರೆ ವಿಧಾನಸಭೆಗೂ ರಾಜ್ಯಪಾಲರಿಗೂ, ಸ್ಪೀಕರಿಗೂ ಶಾಸಕರಿಗೂ, ಶಾಸಕಾಂಗಕ್ಕೂ ನ್ಯಾಯಾಂಗಕ್ಕೂ ನಡುವೆ ಬರುವ ಜಗಳಕ್ಕೆಂದು ಮೀಸಲಾದ ಬಾಗಿಲು ನಮ್ಮಲ್ಲಿ ಇಲ್ಲ. ಆದ್ದರಿಂದ ಅಂಥ ವ್ಯಾಜ್ಯಗಳು ಬೇರೆ ವೇಷದಲ್ಲಿ ಬರುತ್ತವೆ: ನಾಗರಿಕನ ರಿಟ್ ಅರ್ಜಿಯಾಗಿ, ಮಾಜಿ ಮುಖ್ಯಮಂತ್ರಿಯ ಮೇಲ್ಮನವಿಯಾಗಿ, ಇಲ್ಲವೇ 143ನೇ ವಿಧಿಯನ್ವಯ ರಾಷ್ಟ್ರಪತಿಯವರು ಕೇಳುವ ಸಲಹೆಯಾಗಿ.

ಈ ಪೈಕಿ ಅತಿ ವಿಚಿತ್ರವಾದದ್ದು ಉತ್ತರ ಪ್ರದೇಶದ ಕೇಶವ ಸಿಂಗ್ ಪ್ರಕರಣ. ಗೋರಖ್‌ಪುರದ ಈ ಸಮಾಜವಾದಿ ಕಾರ್ಯಕರ್ತ ಶಾಸಕರೊಬ್ಬರ ಮೇಲೆ ಭ್ರಷ್ಟಾಚಾರದ ಆರೋಪ ಹೊರಿಸಿದ ಕರಪತ್ರವೊಂದನ್ನು ಹಂಚಿದರು. ವಿಧಾನಸಭೆ ಅದನ್ನು ಹಕ್ಕುಚ್ಯುತಿ, ಅಂದರೆ ಸದನದ ಮತ್ತು ಅದರ ಸದಸ್ಯರ ವಿಶೇಷ ಹಕ್ಕಿಗೆ ಬಂದ ಭಂಗವೆಂದು ಬಗೆದು 1964ರ ಮಾರ್ಚಿನಲ್ಲಿ ಅವರನ್ನು ಸದನಕ್ಕೆ ಕರೆಸಿ ಛೀಮಾರಿ ಹಾಕಿತು. ಅಲ್ಲಿ ಅವರು ನಡೆದುಕೊಂಡ ರೀತಿಗೂ ಬರೆದ ಪತ್ರಕ್ಕೂ ಸಿಟ್ಟಾಗಿ ಏಳು ದಿನಗಳ ಸೆರೆವಾಸ ವಿಧಿಸಿತು. ಮಾರ್ಚ್ 19ರಂದು ವಕೀಲ ಸಾಲೊಮನ್, ಬಂಧನ ಕಾನೂನುಬದ್ಧವೇ ಎಂದು ನ್ಯಾಯಾಲಯ ಪರಿಶೀಲಿಸಬೇಕೆಂದು ಕೋರುವ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ಅಲಹಾಬಾದ್ ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಜಾಮೀನು ಕೊಟ್ಟರು. ಎರಡು ದಿನ ಬಿಟ್ಟು ವಿಧಾನಸಭೆ ಒಂದು ನಿರ್ಣಯ ಮಾಡಿತು: ಕೇಶವ ಸಿಂಗ್, ಅವರ ವಕೀಲ ಮತ್ತು ಇಬ್ಬರು ನ್ಯಾಯಮೂರ್ತಿಗಳನ್ನು ವಶಕ್ಕೆ ಪಡೆದು ಸದನದ ಮುಂದೆ ತಂದು ನಿಲ್ಲಿಸಬೇಕು. ಮಾರ್ಚ್ 23ರಂದು ಹೈಕೋರ್ಟಿನ ಇಪ್ಪತ್ತೆಂಟು ನ್ಯಾಯಮೂರ್ತಿಗಳು ಒಟ್ಟಾಗಿ ಕುಳಿತು, ತಮ್ಮದೇ ಇಬ್ಬರು ಸಹೋದ್ಯೋಗಿಗಳ ಅರ್ಜಿಯ ಮೇಲೆ, ಆ ನಿರ್ಣಯಕ್ಕೆ ತಡೆಯಾಜ್ಞೆ ಕೊಟ್ಟರು. ಸದನದ ವಾರಂಟನ್ನು ಪೋಲೀಸರು ಜಾರಿ ಮಾಡಬೇಕೇ, ಹೈಕೋರ್ಟಿನ ತಡೆಯಾಜ್ಞೆಯನ್ನು ಪಾಲಿಸಬೇಕೇ? ಹೀಗೆ ಕೇಳಿಕೊಳ್ಳುವ ಸ್ಥಿತಿಗೆ ಒಂದು ರಾಜ್ಯ ಬಂದು ನಿಂತದ್ದು ಒಂದು ಕರಪತ್ರದಿಂದ.

ಮಾರ್ಚ್ 26ರಂದು ರಾಷ್ಟ್ರಪತಿಯವರು ಸುಪ್ರೀಂ ಕೋರ್ಟಿನ ಸಲಹೆ ಕೇಳಿದರು. ಮುಖ್ಯ ನ್ಯಾಯಮೂರ್ತಿ ಗಜೇಂದ್ರಗಡಕರ್ ಅವರ ನೇತೃತ್ವದ ಏಳು ಮಂದಿಯ ಪೀಠ ಸೆಪ್ಟೆಂಬರ್ 30ರಂದು ಬಹುಮತದಿಂದ ಅಭಿಪ್ರಾಯ ಕೊಟ್ಟಿತು. ಅರ್ಜಿಯನ್ನು ವಿಚಾರಣೆಗೆ ಎತ್ತಿಕೊಳ್ಳುವ ಅಧಿಕಾರ ಹೈಕೋರ್ಟಿಗೆ ಇತ್ತು, ನ್ಯಾಯಮೂರ್ತಿಗಳು ಹಕ್ಕುಚ್ಯುತಿ ಮಾಡಿಲ್ಲ, ಅವರನ್ನು ಕರೆಸುವ ಅಧಿಕಾರ ಸದನಕ್ಕಿಲ್ಲ ಎಂಬುದು ಅದರ ಸಾರ. ಇಷ್ಟನ್ನು ಎಲ್ಲ ಪಠ್ಯಪುಸ್ತಕಗಳೂ ಹೇಳುತ್ತವೆ. ಆಮೇಲೆ ಏನಾಯಿತೆಂಬುದನ್ನು ಕೆಲವರಷ್ಟೇ ಹೇಳುತ್ತಾರೆ. ಅರ್ಜಿ ಅಲಹಾಬಾದಿಗೆ ಮರಳಿತು, 1965ರಲ್ಲಿ ಅದೇ ಹೈಕೋರ್ಟು ಅರ್ಜಿಯನ್ನು ವಜಾ ಮಾಡಿತು: ಹಕ್ಕುಚ್ಯುತಿಗಾಗಿ ಶಿಕ್ಷಿಸುವ ಅಧಿಕಾರ ವಿಧಾನಸಭೆಗಿದೆ, ಈ ಶಿಕ್ಷೆಯಲ್ಲಿ ತಾನು ಕೈಹಾಕುವುದಿಲ್ಲ ಎಂದಿತು. ಕೇಶವ ಸಿಂಗ್ ಉಳಿದ ಶಿಕ್ಷೆಯನ್ನು ಅನುಭವಿಸಬೇಕಾಯಿತು. ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದ ತಿರುಳು ಈ ಎರಡನೇ ಭಾಗದಲ್ಲಿದೆ. ಪರಿಶೀಲಿಸುವ ಅಧಿಕಾರ ತನ್ನದೆಂದು ಪಟ್ಟು ಹಿಡಿದು ಗೆದ್ದ ನ್ಯಾಯಾಲಯ, ಪರಿಶೀಲಿಸಿದ ಮೇಲೆ ಸದನದ ಪಾಲನ್ನು ಸದನಕ್ಕೇ ಬಿಟ್ಟಿತು.

ನಮ್ಮ ಎಡಬಲದ ಎರಡು ರಾಜ್ಯಗಳೂ ಬೇರೆ ಬೇರೆ ಕಾಲದಲ್ಲಿ ಒಂದೇ ಬಗೆಯ ತಪ್ಪು ಮಾಡಿ ಒಂದೇ ಉತ್ತರ ಪಡೆದದ್ದನ್ನು ಗಡಿನಾಡಿನವರು ವಿಶೇಷವಾಗಿ ನೆನಪಿಡಬೇಕು. 1991ರ ಜೂನ್ 25ರಂದು ಕಾವೇರಿ ನ್ಯಾಯಮಂಡಳಿ ತಮಿಳುನಾಡಿಗೆ 205 ಟಿಎಂಸಿ ನೀರು ಬಿಡಬೇಕೆಂದು ಮಧ್ಯಂತರ ಆದೇಶ ಕೊಟ್ಟಿತು. ಬಂಗಾರಪ್ಪನವರ ಸರಕಾರ ಸರಿಯಾಗಿ ಒಂದು ತಿಂಗಳಿಗೆ, ಜುಲೈ 25ರಂದು, ಆ ಆದೇಶವನ್ನು ನಿಷ್ಫಲಗೊಳಿಸುವ ಸುಗ್ರೀವಾಜ್ಞೆ ಹೊರಡಿಸಿತು. ರಾಷ್ಟ್ರಪತಿಯವರ ಪ್ರಶ್ನೆಗೆ ಉತ್ತರವಾಗಿ ಸುಪ್ರೀಂ ಕೋರ್ಟು ನವೆಂಬರ್ 22ರಂದು ಆ ಸುಗ್ರೀವಾಜ್ಞೆ ಸಂವಿಧಾನಬಾಹಿರವೆಂದಿತು: ವ್ಯಾಜ್ಯದ ಕಕ್ಷಿಯೇ ತನ್ನ ವ್ಯಾಜ್ಯದ ನ್ಯಾಯಾಧೀಶನಾಗುವಂತಿಲ್ಲ. ಕೇರಳ ಇದನ್ನು ಓದಿರಲಿಲ್ಲವೆಂದು ಹೇಳಲಾಗದು. ಆದರೂ 2006ರ ಫೆಬ್ರವರಿಯಲ್ಲಿ ಮುಲ್ಲಪೆರಿಯಾರ್ ಅಣೆಕಟ್ಟಿನಲ್ಲಿ ನೀರಿನ ಮಟ್ಟವನ್ನು 142 ಅಡಿಗೆ ಏರಿಸಬಹುದೆಂದು ಸುಪ್ರೀಂ ಕೋರ್ಟು ಹೇಳಿದ ಕೆಲವೇ ವಾರಗಳಲ್ಲಿ, ಕೇರಳ ವಿಧಾನಸಭೆ 136 ಅಡಿಯೇ ಮಿತಿಯೆಂದು ಕಾಯಿದೆ ಮಾಡಿತು. ತಮಿಳುನಾಡು 131ನೇ ವಿಧಿಯಡಿ ದಾವೆ ಹೂಡಿತು. 2014ರ ಮೇ 7ರಂದು ಐವರ ಸಂವಿಧಾನ ಪೀಠ ಕೇರಳದ ಕಾಯಿದೆಯನ್ನು ರದ್ದುಪಡಿಸಿತು. ತೀರ್ಪಿನ ಆಧಾರವಾದ ಕಾನೂನನ್ನು ಶಾಸಕಾಂಗ ಬದಲಿಸಬಹುದು, ತೀರ್ಪನ್ನೇ ಮತ ಹಾಕಿ ಸೋಲಿಸುವಂತಿಲ್ಲ. ಅಣೆಕಟ್ಟಿನ ಕೆಳಗಿನ ಜನರ ಭಯ ಸುಳ್ಳೆಂದು ನಾನು ಹೇಳುತ್ತಿಲ್ಲ. ಮಂಡ್ಯದ ರೈತನ ಸಂಕಟ ಸುಳ್ಳಾಗಿರಲಿಲ್ಲ. ಆ ಸಂಕಟವನ್ನು ನ್ಯಾಯಮಂಡಳಿಯ ಮುಂದೆ ದಾಖಲೆಯಾಗಿ ಇಡಬೇಕಾಗಿತ್ತು, ಮತ್ತು ಕರ್ನಾಟಕ ಮುಂದೆ ಅದನ್ನು ಮಾಡಿದ್ದರಿಂದಲೇ 2018ರ ಫೆಬ್ರವರಿ 16ರ ಅಂತಿಮ ತೀರ್ಪಿನಲ್ಲಿ ಅದರ ಪಾಲಿಗೆ 14.75 ಟಿಎಂಸಿ ಹೆಚ್ಚುವರಿ ನೀರು ಬಂತು.

ಎಸ್.ಆರ್. ಬೊಮ್ಮಾಯಿ ಪ್ರಕರಣ ಎಲ್ಲರಿಗೂ ಗೊತ್ತಿರುವುದರಿಂದ ಒಂದೇ ಅಂಶ ಹೇಳುತ್ತೇನೆ. 1989ರ ಏಪ್ರಿಲ್‌ನಲ್ಲಿ ಹತ್ತೊಂಬತ್ತು ಶಾಸಕರ ಪತ್ರಗಳನ್ನು ನಂಬಿ ಕರ್ನಾಟಕದ ರಾಜ್ಯಪಾಲರು ಬೊಮ್ಮಾಯಿಯವರ ಸರಕಾರಕ್ಕೆ ಬಹುಮತವಿಲ್ಲವೆಂದು ವರದಿ ಮಾಡಿದರು. ಮರುದಿನವೇ ಏಳು ಮಂದಿ ತಮ್ಮನ್ನು ತಪ್ಪುದಾರಿಗೆಳೆದು ಸಹಿ ಪಡೆಯಲಾಗಿತ್ತೆಂದು ಹಿಂದೆ ಸರಿದರು. ಆದರೂ 21ರಂದು ಸರಕಾರ ವಜಾ ಆಯಿತು. 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಬಹುಮತದ ಪರೀಕ್ಷೆ ರಾಜಭವನದಲ್ಲಲ್ಲ, ಸದನದಲ್ಲಿ ಆಗಬೇಕೆಂದಿತು. ಬಹುಮತ ಇತ್ತೇ ಇಲ್ಲವೇ ಎಂದು ನ್ಯಾಯಾಲಯ ಎಣಿಸಲಿಲ್ಲ, ಎಣಿಸಬೇಕಾದವರು ಯಾರೆಂದು ಹೇಳಿತು. ಮುಂದಿನ ಮೂವತ್ತು ವರ್ಷ ದೇಶದ ರಾಜಕೀಯವನ್ನೇ ಆ ಮಾತು ನಿಯಂತ್ರಿಸಿದೆ. ಬೊಮ್ಮಾಯಿಯವರಿಗೆ ಮಾತ್ರ ಅದರಿಂದ ಏನೂ ಸಿಗಲಿಲ್ಲ; ಅಷ್ಟರಲ್ಲಿ ರಾಜ್ಯದಲ್ಲಿ ಚುನಾವಣೆ ನಡೆದು ನಾಲ್ಕು ವರ್ಷ ದಾಟಿತ್ತು.

ಇತ್ತೀಚಿನ ದೊಡ್ಡ ಜಗಳ ಮಸೂದೆಗಳ ಮೇಲೆ ಕುಳಿತುಕೊಳ್ಳುವ ರಾಜ್ಯಪಾಲರದ್ದು. 200ನೇ ವಿಧಿ ರಾಜ್ಯಪಾಲರಿಗೆ ಕೊಡುವ ದಾರಿಗಳು ಇಷ್ಟೆ: ಅಂಕಿತ ಹಾಕುವುದು, ತಡೆಹಿಡಿದು ಸದನಕ್ಕೆ ಹಿಂದಿರುಗಿಸುವುದು, ರಾಷ್ಟ್ರಪತಿಯವರಿಗೆ ಕಾದಿರಿಸುವುದು. ಏನನ್ನೂ ಮಾಡದೆ ಸುಮ್ಮನಿರುವ ದಾರಿ ಬರೆದಿಲ್ಲ, ಆದರೆ ನಡೆಯುವುದು ಹೆಚ್ಚಾಗಿ ಅದೇ. 2023ರ ನವೆಂಬರ್ 10ರಂದು ಪಂಜಾಬ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಅಂಕಿತ ಬೇಡವೆನ್ನುವ ರಾಜ್ಯಪಾಲರು ಮಸೂದೆಯನ್ನು ಸದನಕ್ಕೆ ಮರಳಿಸಲೇಬೇಕೆಂದಿತು. ಅದೇ ತಿಂಗಳು, ಕೇರಳದ ಅರ್ಜಿ ವಿಚಾರಣೆಯಲ್ಲಿರುವಾಗಲೇ, ಇಲ್ಲಿನ ರಾಜ್ಯಪಾಲರು ಒಂದು ಮಸೂದೆಗೆ ಅಂಕಿತ ಹಾಕಿ ಏಳನ್ನು ರಾಷ್ಟ್ರಪತಿಯವರಿಗೆ ಕಾದಿರಿಸಿದರು. ತಮಿಳುನಾಡಿನಲ್ಲಿ ವಿಧಾನಸಭೆ ಹತ್ತು ಮಸೂದೆಗಳನ್ನು ಎರಡನೇ ಬಾರಿ ಅಂಗೀಕರಿಸಿದ ಮೇಲೂ ರಾಜ್ಯಪಾಲರು ಅವನ್ನು ರಾಷ್ಟ್ರಪತಿಯವರತ್ತ ತಳ್ಳಿದರು. 2025ರ ಏಪ್ರಿಲ್ 8ರಂದು ಇಬ್ಬರು ನ್ಯಾಯಮೂರ್ತಿಗಳ ಪೀಠ ಅದು ತಪ್ಪೆಂದು ಹೇಳಿತು. ಅಷ್ಟಕ್ಕೇ ನಿಲ್ಲದೆ, ರಾಜ್ಯಪಾಲರಿಗೂ ರಾಷ್ಟ್ರಪತಿಯವರಿಗೂ ತಿಂಗಳುಗಳ ಗಡುವು ಗೊತ್ತುಪಡಿಸಿ, ಹತ್ತೂ ಮಸೂದೆಗಳಿಗೆ ಅಂಕಿತ ಸಿಕ್ಕಿದೆಯೆಂದೇ ಭಾವಿಸಬೇಕೆಂದು ಆಜ್ಞಾಪಿಸಿತು.

ಗೆರೆ ಹೇಳುವ ಕೆಲಸ ಮುಗಿದು ನಿರ್ಧಾರವನ್ನೇ ತೆಗೆದುಕೊಳ್ಳುವ ಕೆಲಸ ಶುರುವಾದದ್ದು ಅಲ್ಲಿ. ಮೇ ತಿಂಗಳಲ್ಲಿ ರಾಷ್ಟ್ರಪತಿಯವರು ಹದಿನಾಲ್ಕು ಪ್ರಶ್ನೆಗಳನ್ನು ಕಳುಹಿಸಿದರು. ನವೆಂಬರ್ 20ರಂದು ಐವರು ನ್ಯಾಯಮೂರ್ತಿಗಳು ಒಮ್ಮತದಿಂದ ಕೊಟ್ಟ ಅಭಿಪ್ರಾಯದಲ್ಲಿ ಗಡುವು ಹೇರುವುದನ್ನೂ ಅಂಕಿತ ಸಿಕ್ಕಿತೆಂದು ಭಾವಿಸುವುದನ್ನೂ ತಳ್ಳಿಹಾಕಿದರು. ದೀರ್ಘಕಾಲ, ಕಾರಣ ಕೊಡದೆ, ಕೊನೆಯಿಲ್ಲದಂತೆ ಸುಮ್ಮನಿದ್ದರೆ ಮಾತ್ರ, ಮಸೂದೆಯ ಗುಣದೋಷಗಳಿಗೆ ಹೋಗದೆ, ಏನಾದರೊಂದು ನಿರ್ಧಾರ ಕೈಗೊಳ್ಳಿ ಎಂದು ರಾಜ್ಯಪಾಲರಿಗೆ ನ್ಯಾಯಾಲಯ ಹೇಳಬಹುದು ಎಂದರು. ತತ್ತ್ವದ ದೃಷ್ಟಿಯಿಂದ ನಾನು ನವೆಂಬರಿನ ಅಭಿಪ್ರಾಯದ ಪಕ್ಷ. ಆದರೆ ಅದು ಬಿಟ್ಟ ತೂತು ಸಣ್ಣದಲ್ಲ. ದೀರ್ಘಕಾಲವೆಂದರೆ ಎಷ್ಟು? ಪ್ರತಿ ಮಸೂದೆಗೂ ಪ್ರತಿ ರಾಜ್ಯವೂ ದೆಹಲಿಗೆ ಹೋಗಿ ಇದು ದೀರ್ಘಕಾಲವೇ ಎಂದು ಕೇಳಬೇಕಾಗುತ್ತದೆ. ಜರ್ಮನರು ದೂರುವವನಿಗೆ ಆರು ತಿಂಗಳ ಗಡುವು ಹಾಕಿದ್ದಾರೆ. ನಮ್ಮಲ್ಲಿ ದೂರುವವನಿಗೂ ಇಲ್ಲ, ದೂರಿಗೆ ಗುರಿಯಾದವನಿಗೂ ಇಲ್ಲ, ತೀರ್ಪು ಹೇಳುವವನಿಗಂತೂ ಇಲ್ಲವೇ ಇಲ್ಲ.

ಆ ಕೊನೆಯ ಮಾತನ್ನು ನಾನು ಸುಮ್ಮನೆ ಹೇಳಲಿಲ್ಲ. ಸಾಲ ಎತ್ತುವ ಮಿತಿಯ ವಿಷಯದಲ್ಲಿ ಕೇರಳ 2023ರ ಡಿಸೆಂಬರಿನಲ್ಲಿ ಕೇಂದ್ರದ ಮೇಲೆ 131ನೇ ವಿಧಿಯ ದಾವೆ ಹೂಡಿತು. ವಿಚಾರಣೆಯ ನಡುವೆ ಕೇಂದ್ರ 13,608 ಕೋಟಿ ರೂಪಾಯಿಗೆ ಒಪ್ಪಿಗೆ ಕೊಡಲು ಸಿದ್ಧವಾಯಿತು, ಆದರೆ ದಾವೆ ಹಿಂತೆಗೆಯಬೇಕೆಂದಿತು. ದಾವೆ ಹೂಡುವುದು ರಾಜ್ಯದ ಸಾಂವಿಧಾನಿಕ ಹಕ್ಕು, ಅಂಥ ಷರತ್ತು ಸಲ್ಲದು ಎಂದು ನ್ಯಾಯಾಲಯ ಹೇಳಿದ್ದು ಮೆಚ್ಚತಕ್ಕದ್ದು. 2024ರ ಏಪ್ರಿಲ್ 1ರಂದು ಮಧ್ಯಂತರ ಪರಿಹಾರ ನಿರಾಕರಿಸಿ, 293ನೇ ವಿಧಿಯ ಅರ್ಥವನ್ನು ಐವರ ಪೀಠ ನಿರ್ಧರಿಸಲಿ ಎಂದು ವ್ಯಾಜ್ಯವನ್ನು ಮುಂದಕ್ಕೆ ಕಳುಹಿಸಿತು. ವರ್ಷ ವರ್ಷದ ಬಜೆಟ್ಟಿನ ಜಗಳದಲ್ಲಿ ತಡವಾದ ಉತ್ತರವೆಂದರೆ ಯಥಾಸ್ಥಿತಿಯಲ್ಲಿರುವವನ ಗೆಲುವು. ಬೆಳಗಾವಿಯ ಮೇಲೆ ಮಹಾರಾಷ್ಟ್ರ 2004ರಲ್ಲಿ ಹೂಡಿದ ದಾವೆ ಎರಡು ದಶಕ ದಾಟಿದೆ. ಆ ದಾವೆ ಸೋಲಬೇಕೆಂಬುದೇ ನನ್ನ ಆಸೆ, ಆದರೆ ಅಲ್ಲಿನ ಹಳ್ಳಿಗಳ ಎರಡೂ ಭಾಷೆಯ ಜನರಿಗೆ ಒಂದು ಉತ್ತರ ಸಲ್ಲಬೇಕಾಗಿತ್ತು.

ಇನ್ನು ಪ್ರಶ್ನೆಗಳು. ಮಹಾಜನ ವರದಿಯ ಪ್ರಕಾರ ಕಾಸರಗೋಡನ್ನು ಕರ್ನಾಟಕಕ್ಕೆ ಸೇರಿಸಲು ಸುಪ್ರೀಂ ಕೋರ್ಟಿಗೆ ಸಾಧ್ಯವಿಲ್ಲವೇ ಎಂದು ಹಿರಿಯರೊಬ್ಬರು ಕೇಳಿದರು. ಸಾಧ್ಯವಿಲ್ಲ. ಚಂದ್ರಗಿರಿ ಹೊಳೆಯಿಂದ ಬಡಗಿನ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಆಯೋಗ 1967ರಲ್ಲಿ ಶಿಫಾರಸು ಮಾಡಿದ್ದು ನಿಜ. ಆದರೆ ಆಯೋಗದ ಶಿಫಾರಸು ತೀರ್ಪಲ್ಲ, ಮತ್ತು ರಾಜ್ಯಗಳ ಗಡಿ ಬದಲಿಸುವ ಅಧಿಕಾರವನ್ನು 3ನೇ ವಿಧಿ ಸಂಸತ್ತಿಗೆ ಮಾತ್ರ ಕೊಟ್ಟಿದೆ. ಸಂಬಂಧಪಟ್ಟ ರಾಜ್ಯದ ವಿಧಾನಸಭೆಯ ಅಭಿಪ್ರಾಯ ಕೇಳಬೇಕಷ್ಟೆ, ಅದಕ್ಕೆ ಸಂಸತ್ತು ಬದ್ಧವಲ್ಲವೆಂದು ಬಾಬುಲಾಲ್ ಪರಾಟೆ ಪ್ರಕರಣದಲ್ಲಿ ಆಗಲೇ ತೀರ್ಮಾನವಾಗಿದೆ. ಬೆಳಗಾವಿಯ ದಾವೆಯಲ್ಲಿ ಕರ್ನಾಟಕ ಮಂಡಿಸುತ್ತಿರುವ ವಾದವೂ ಇದೇ. ಗಡಿ ಸಂಸತ್ತಿನ ವಿಷಯವೆಂದು ಬೆಳಗಾವಿಯಲ್ಲಿ ಹೇಳಿ, ನ್ಯಾಯಾಲಯದ ವಿಷಯವೆಂದು ಕಾಸರಗೋಡಿನಲ್ಲಿ ಹೇಳಲು ಬರುವುದಿಲ್ಲ.

ಎರಡನೇ ಪ್ರಶ್ನೆ ಅಧ್ಯಾಪಕಿಯೊಬ್ಬರದು, ಹೆಚ್ಚು ಇಕ್ಕಟ್ಟಿನದು. 2015ರಲ್ಲಿ ಕೇರಳ ಅಂಗೀಕರಿಸಿದ ಮಲಯಾಳ ಭಾಷಾ ಮಸೂದೆ ರಾಷ್ಟ್ರಪತಿಯವರ ಬಳಿಗೆ ಹೋಗಿ ಅಂಕಿತ ಪಡೆಯಲಿಲ್ಲ. 2025ರಲ್ಲಿ ಹೊಸ ಮಸೂದೆ ಅಂಗೀಕಾರವಾದಾಗಲೂ ಅದಕ್ಕೆ ಸಹಿ ಹಾಕಬೇಡಿ ಎಂದು ಗಡಿನಾಡ ಕನ್ನಡಿಗರ ಕಡೆಯಿಂದ ರಾಜ್ಯಪಾಲರಿಗೆ ಮನವಿ ಹೋಯಿತು. ಹಾಗಿರುವಾಗ ರಾಜ್ಯಪಾಲರ ಕೈ ಕಟ್ಟಬೇಕೆಂದು ನಾವೇ ವಾದಿಸುವುದು ನಮ್ಮ ಕಾಲ ಮೇಲೆ ನಾವೇ ಕಲ್ಲು ಹಾಕಿಕೊಂಡಂತಲ್ಲವೇ ಎಂದು ಅವರು ಕೇಳಿದರು. ರಾಜ್ಯಪಾಲರು ಮಸೂದೆಯನ್ನು ಹಿಂದಿರುಗಿಸಬಹುದು, ಕಾದಿರಿಸಬಹುದು. ಅದನ್ನು ಕೇಳುವ ಹಕ್ಕು ನಮಗಿದೆ. ಕಪಾಟಿನಲ್ಲಿಟ್ಟು ಮರೆಯಿರಿ ಎಂದು ಕೇಳುವ ಹಕ್ಕಿಲ್ಲ, ಏಕೆಂದರೆ ಅದೇ ಕಪಾಟಿನಲ್ಲಿ ನಾಳೆ ನಮಗೆ ಬೇಕಾದ ಮಸೂದೆಯೂ ಉಳಿದೀತು. ಸರಿಯಾದ ಮಾದರಿ ಕೇರಳದಲ್ಲೇ ಇದೆ. 1957ರ ಶಿಕ್ಷಣ ಮಸೂದೆಯನ್ನು ಅಂದಿನ ರಾಜ್ಯಪಾಲರು ಕಾದಿರಿಸಿದರು, ರಾಷ್ಟ್ರಪತಿಯವರು ಸುಪ್ರೀಂ ಕೋರ್ಟನ್ನು ಕೇಳಿದರು, 1958ರ ಮೇ 22ರಂದು ನ್ಯಾಯಾಲಯ ಧಾರ್ಮಿಕ ಮತ್ತು ಭಾಷಾ ಅಲ್ಪಸಂಖ್ಯಾತರ 30ನೇ ವಿಧಿಯ ಹಕ್ಕಿಗೆ ಯಾವ ಯಾವ ಕಲಮು ತೊಡಕಾಗುತ್ತದೆಂದು ಬಿಡಿಸಿ ಹೇಳಿತು. ವಿಧಾನಸಭೆ ಮಸೂದೆಯನ್ನು ತಿದ್ದಿ ಮತ್ತೆ ಅಂಗೀಕರಿಸಿತು, 1959ರಲ್ಲಿ ಅಂಕಿತ ಸಿಕ್ಕಿತು.

ಕಾಯಿದೆಯಾದ ಮೇಲೆ ಉಳಿಯುವುದು ಎರ್ನಾಕುಳಂನ ಹೈಕೋರ್ಟು. ಒಂದರಿಂದ ಹತ್ತನೆಯ ತರಗತಿಯವರೆಗೆ ಮಲಯಾಳ ಕಲಿಕೆಯನ್ನು ಕಡ್ಡಾಯ ಮಾಡಿದ 2017ರ ಕಾಯಿದೆಯ ವಿಷಯದಲ್ಲಾಗಲಿ, ಮುಂದಿನ ಯಾವುದೇ ಕಾಯಿದೆಯ ವಿಷಯದಲ್ಲಾಗಲಿ, ಅಲ್ಲಿ ಭಾಷಣ ನಡೆಯುವುದಿಲ್ಲ. ಯಾವ ಕಲಮಿನಿಂದ ಕನ್ನಡ ಮಾಧ್ಯಮದ ಯಾವ ತರಗತಿಯಲ್ಲಿ ವಾರಕ್ಕೆ ಎಷ್ಟು ಅವಧಿ ಹೋಯಿತು, ಯಾವ ಹುದ್ದೆಗೆ ಕನ್ನಡ ಬಾರದವರು ಯಾವ ಆದೇಶದಿಂದ ಬಂದರು, ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಲಭ್ಯ ಕೇಳುವ 350ಎ ವಿಧಿಯಡಿ ಯಾವ ದಿನಾಂಕದ ಮನವಿಗೆ ಏನು ಉತ್ತರ ಬಂತು ಎಂಬ ಕಾಗದಗಳು ಬೇಕು. ಅವನ್ನು ಶಾಲೆಗಳಲ್ಲಿ ಈಗಲೇ ತಾರೀಕುವಾರು ಕಡತ ಮಾಡಿಡಿ ಎಂದು ಆ ಅಧ್ಯಾಪಕಿಗೆ ಹೇಳಿದೆ; ವಕೀಲರ ಸಾಲಿನಿಂದ ಇಬ್ಬರು ಎದ್ದು ಆ ಕಡತಗಳನ್ನು ನೋಡಿಕೊಡಲು ತಾವು ಸಿದ್ಧ ಎಂದರು.